ಚೆಂಡು ಬಿಟ್ಟುಕೊಡಲು ಕಲಿಸಿದ ಉಸ್ತಾದ್

ಭಾರತದ ಫುಟ್ಬಾಲ್ ತಂಡವು ಏಶ್ಯಾ ಖಂಡದಲ್ಲೇ ಮೊದಲ ಸ್ಥಾನದಲ್ಲಿದ್ದ ಕಾಲವೊಂದಿತ್ತು ಎಂದರೆ ಇಂದಿನ ನಮ್ಮ ಮಕ್ಕಳು ನಂಬಲಾರರು. ಅರ್ಜೆಂಟೀನಾ, ಪೋರ್ಚುಗಲ್ ಆಟಗಾರರ ಹೆಸರುಗಳು ಅವರಿಗೆ ಬಾಯಿಪಾಠ. ಆದರೆ 1951 ಮತ್ತು 1962ರ ಏಶ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದುದು ನಮ್ಮ ದೇಶದ ತಂಡ. 1956ರ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನಕ್ಕೇರಿದ್ದೂ ಇದೇ ದೇಶದ ತಂಡ. ಈ ಮೂರೂ ತಂಡಗಳನ್ನು ಪಳಗಿಸಿದವರು ಒಬ್ಬರೇ. ಅವರು ಹೈದರಾಬಾದಿನ ಶಾಲಾ ಅಧ್ಯಾಪಕ ಸೈಯದ್ ಅಬ್ದುರ್ರಹೀಮ್. ಆಟಗಾರರ ಬಾಯಲ್ಲಿ ಅವರು ರಹೀಮ್ ಸಾಹೇಬ್.

ಅವರು ಹುಟ್ಟಿದ್ದು 1909ರ ಆಗಸ್ಟ್ 17ರಂದು, ಹೈದರಾಬಾದಿನಲ್ಲಿ. ಆಗ ಅದು ನಿಜಾಮರ ರಾಜಧಾನಿ. ಕಲಬುರ್ಗಿ, ಬೀದರ್, ರಾಯಚೂರುಗಳ ಜನರಿಗೂ ಅದೇ ರಾಜಧಾನಿಯಾಗಿತ್ತು. 1918ರಲ್ಲಿ ಅಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ಕೊಡುತ್ತಿತ್ತು. ರಹೀಮ್ ಸಾಹೇಬರು ಅಲ್ಲಿಯೇ ಓದಿದರು, ಅದರ ಫುಟ್ಬಾಲ್ ತಂಡದಲ್ಲಿ ಆಡಿದರು. ಪದವಿ ಪಡೆದ ಬಳಿಕ ಕಾಚಿಗುಡ, ಚಾದರ್‌ಘಾಟ್ ಮುಂತಾದ ಕಡೆಯ ಶಾಲೆಗಳಲ್ಲಿ ಅಧ್ಯಾಪಕರಾದರು. ಹೀಗೆ ಪಾಠ ಹೇಳುತ್ತಿದ್ದವರು ಮಧ್ಯದಲ್ಲಿ ದೈಹಿಕ ಶಿಕ್ಷಣದ ಡಿಪ್ಲೊಮಾ ಮಾಡಿಕೊಂಡು ಬಂದು ಮಕ್ಕಳ ಆಟೋಟಗಳ ಜವಾಬ್ದಾರಿ ವಹಿಸಿಕೊಂಡರು.

ಪದವೀಧರನೊಬ್ಬ ಡ್ರಿಲ್ ಮಾಸ್ತರನಾಗುವುದೆಂದರೆ ಇಂದಿಗೂ ನಮ್ಮ ಅನೇಕ ಮನೆಗಳಲ್ಲಿ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಗಣಿತದ ಅಧ್ಯಾಪಕರಿಗೆ ಸಲ್ಲುವ ಗೌರವ ಅವನಿಗೆ ಸಲ್ಲುವುದಿಲ್ಲ. ಶಾಲೆಯಲ್ಲಿ ಯಾರಾದರೂ ರಜೆ ಹಾಕಿದರೆ ಆಟದ ಪೀರಿಯಡ್ಡನ್ನೇ ಕಿತ್ತುಕೊಳ್ಳುವುದು ವಾಡಿಕೆ. ರಹೀಮ್ ಸಾಹೇಬರು ಈ ಹುದ್ದೆಯನ್ನು ತಾವಾಗಿ ಆರಿಸಿಕೊಂಡವರು.

ಇಂದು ಸಾಮಾನ್ಯ ಕಾಲೇಜು ತಂಡವೊಂದಕ್ಕೂ ಮುಖ್ಯ ತರಬೇತುದಾರ, ಅವನಿಗೆ ಸಹಾಯಕ, ಗೋಲ್‌ಕೀಪರನಿಗೆ ಪ್ರತ್ಯೇಕ ಗುರು, ವ್ಯಾಯಾಮಕ್ಕೊಬ್ಬ, ಕಾಲುನೋವು ನೋಡಲೊಬ್ಬ ಎಂದು ಸಿಬ್ಬಂದಿಯನ್ನು ನೇಮಿಸುವ ದೇಶಗಳಿವೆ. ಅಂದಿನ ನಮ್ಮ ಶಾಲೆ ಕಾಲೇಜುಗಳಲ್ಲಿ ಈ ಎಲ್ಲ ಹೊರೆಯೂ ಸಾಮಾನ್ಯವಾಗಿ ಒಬ್ಬ ಅಧ್ಯಾಪಕನ ಹೆಗಲ ಮೇಲಿರುತ್ತಿತ್ತು. ಬಡ ಹುಡುಗನ ತಂದೆಯನ್ನು ಒಪ್ಪಿಸಬೇಕಾದವನೂ ಅವನೇ. ಆ ಅಭ್ಯಾಸವೇ ಮುಂದೆ ರಹೀಮ್ ಸಾಹೇಬರ ಕೈ ಹಿಡಿಯಿತು. 1943ರಲ್ಲಿ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದ ಅವರು ಸಾಯುವ ತನಕ ಆ ಹೊಣೆಯನ್ನು ನಿಭಾಯಿಸಿದರು. 1950ರಲ್ಲಿ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿಯೂ ಅವರ ಪಾಲಿಗೆ ಬಂತು.

ಅವರ ತರಬೇತಿಯ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ನಮ್ಮ ದೇಶದ ಆಟಗಾರರಲ್ಲಿ ಅಂದು ಚಮತ್ಕಾರಕ್ಕೆ ಕೊರತೆಯಿರಲಿಲ್ಲ. ಚೆಂಡು ಕಾಲಿಗೆ ಸಿಕ್ಕಿದರೆ ಒಬ್ಬನನ್ನು, ಇಬ್ಬರನ್ನು, ಮೂವರನ್ನು ವಂಚಿಸಿ ಮುನ್ನುಗ್ಗುವುದೇ ದೊಡ್ಡ ಆಟ ಎನಿಸಿಕೊಳ್ಳುತ್ತಿತ್ತು. ಪ್ರೇಕ್ಷಕರೂ ಅದಕ್ಕೇ ಚಪ್ಪಾಳೆ ತಟ್ಟುತ್ತಿದ್ದರು. ನಾಲ್ಕನೆಯವನು ಚೆಂಡನ್ನು ಕಿತ್ತುಕೊಂಡಾಗ ತಂಡದ ಉಳಿದ ಹತ್ತು ಮಂದಿಯ ಓಟ ವ್ಯರ್ಥವಾಗುತ್ತದೆ ಎಂಬುದನ್ನು ಯಾರೂ ಲೆಕ್ಕ ಹಾಕುತ್ತಿರಲಿಲ್ಲ. ರಹೀಮ್ ಸಾಹೇಬರು ಕೈಯಿಟ್ಟದ್ದು ಈ ರೋಗಕ್ಕೆ. ಅವರು ಡ್ರಿಬ್ಲಿಂಗ್ ನಿಷೇಧಿಸಿದ ಪಂದ್ಯಾವಳಿಗಳನ್ನೇ ನಡೆಸಿದರು. ಚೆಂಡು ಬಂದೊಡನೆ ಅದನ್ನು ಜೊತೆಗಾರನಿಗೆ ದಾಟಿಸಬೇಕು. ಇಟ್ಟುಕೊಂಡು ಮೆರೆಯುವಂತಿಲ್ಲ. ಇದು ಕೇಳಲು ಸುಲಭ. ಆದರೆ ಒಂದೇ ಸ್ಪರ್ಶದಲ್ಲಿ ಚೆಂಡು ದಾಟಿಸಬೇಕಾದರೆ ಅದು ಬರುವುದಕ್ಕೆ ಮೊದಲೇ ತನ್ನವರು ಎಲ್ಲೆಲ್ಲಿದ್ದಾರೆಂದು ತಲೆಯೆತ್ತಿ ನೋಡಿಕೊಂಡಿರಬೇಕು. ತನ್ನ ಕಾಲನ್ನೇ ನೋಡುತ್ತಾ ಆಡುವವನಿಗೆ ಅದು ಸಾಧ್ಯವಿಲ್ಲ. ಪ್ರತಿಭಾವಂತ ಹುಡುಗರಿಗೆ ಇದು ಎಷ್ಟು ಕಹಿಯಾಗಿದ್ದಿರಬಹುದು! ತನಗೆ ಬರುವ ವಿದ್ಯೆಯನ್ನು ತಡೆದಿಟ್ಟುಕೊಳ್ಳುವುದು ಬಾರದ ವಿದ್ಯೆಯನ್ನು ಕಲಿಯುವುದಕ್ಕಿಂತಲೂ ಕಷ್ಟ.

ಇನ್ನೊಂದು ಬಗೆಯ ಪಂದ್ಯಾವಳಿಯಲ್ಲಿ ಆಟಗಾರರು ತಮ್ಮ ದುರ್ಬಲ ಕಾಲನ್ನು ಮಾತ್ರ ಬಳಸಬೇಕಿತ್ತು. ಬಲಗಾಲಿನವನಿಗೆ ಎಡಗಾಲು, ಎಡಗಾಲಿನವನಿಗೆ ಬಲಗಾಲು. ಹೆಸರುವಾಸಿ ಆಟಗಾರನೂ ಅಲ್ಲಿ ಹೊಸಬನಂತೆ ತಡವರಿಸುತ್ತಾನೆ. ಗರ್ವ ಮುರಿಯಲು ಇದಕ್ಕಿಂತ ಸರಳವಾದ ಮದ್ದು ಇದೆಯೇ ಎಂದು ಓದುಗರೇ ಯೋಚಿಸಲಿ. ಎಳೆಯ ಹುಡುಗರು ದೊಡ್ಡವರ ಮೈಬಲಕ್ಕೆ ಸಿಲುಕಿ ಕುಗ್ಗಬಾರದೆಂದು ವಯಸ್ಸು ಮತ್ತು ಎತ್ತರದ ಮಿತಿಯಿಟ್ಟು ಬೇರೆ ಪಂದ್ಯಗಳನ್ನೂ ಏರ್ಪಡಿಸುತ್ತಿದ್ದರು.

ಹುಡುಗರನ್ನು ಹುಡುಕುವುದರಲ್ಲೂ ಅವರು ಜಾತಿ ಧರ್ಮ ನೋಡಿದವರಲ್ಲ. ಸಿಕಂದರಾಬಾದ್ ಬಳಿಯ ಬಡ ಕುಟುಂಬದ ತುಳಸಿದಾಸ್ ಬಲರಾಮ್ ಎಂಬ ಯುವಕನ ಆಟ ಅವರ ಕಣ್ಣಿಗೆ ಬಿತ್ತು. ಅಭ್ಯಾಸಕ್ಕೆ ನಗರಕ್ಕೆ ಬರಲು ಅವನಲ್ಲಿ ಹಣವಿರಲಿಲ್ಲ. ಬಾಡಿಗೆ ಸೈಕಲ್ಲಿನ ಹಣವನ್ನು ರಹೀಮ್ ಸಾಹೇಬರು ತಮ್ಮ ಕೈಯಿಂದಲೇ ಕೊಟ್ಟು ಬರಮಾಡಿಕೊಂಡರು. ಆ ಬಲರಾಮ್ ಮುಂದೆ ಎರಡು ಒಲಿಂಪಿಕ್ಸ್‌ಗಳಲ್ಲಿ ಭಾರತದ ಪರವಾಗಿ ಆಡಿದರು. 2023ರಲ್ಲಿ ತೀರಿಕೊಳ್ಳುವವರೆಗೂ ಅವರು ತಮ್ಮ ಗುರುವನ್ನು ಮರೆತಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತಕ್ಕೆ ಸೇರಿತು. ಆ ದಿನಗಳಲ್ಲಿ ಅಲ್ಲಿನ ಮುಸ್ಲಿಮರು ಎಷ್ಟು ಭೀತಿ, ಎಷ್ಟು ಸಂಶಯಗಳ ನಡುವೆ ಬಾಳಿದರೆಂಬುದನ್ನು ಬೀದರ್, ಕಲಬುರ್ಗಿಯ ಹಿರಿಯರಿಂದ ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಅದಾಗಿ ಎರಡೇ ವರ್ಷಗಳಲ್ಲಿ ಅದೇ ನಗರದ ಪೊಲೀಸ್ ತಂಡವು ಒಬ್ಬ ಮುಸ್ಲಿಮ್ ಅಧ್ಯಾಪಕರ ಮಾರ್ಗದರ್ಶನದಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದು ತಂದಿತು. 1950ರಿಂದ 1954ರ ವರೆಗೆ ಸತತ ಐದು ಬಾರಿ ಆ ಕಪ್ಪನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. 1950ರ ಡ್ಯುರಾಂಡ್ ಕಪ್‌ನಲ್ಲಿ ಕಲ್ಕತ್ತದ ಮೋಹನ್ ಬಗಾನ್ ಸಹ ಅವರೆದುರು ಸೋತಿತು. ಕಲ್ಕತ್ತವೇ ಫುಟ್ಬಾಲಿನ ತವರೆಂದು ನಂಬಿದ್ದವರು ದಕ್ಷಿಣದ ಕಡೆಗೆ ತಿರುಗಿ ನೋಡಲೇಬೇಕಾಯಿತು.

1951ರಲ್ಲಿ ಹೊಸದಿಲ್ಲಿಯ ಪ್ರಥಮ ಏಶ್ಯನ್ ಕ್ರೀಡಾಕೂಟಕ್ಕೆ ರಹೀಮ್ ಸಾಹೇಬರು ಭಾರತ ತಂಡದ ತರಬೇತುದಾರರಾದರು. ಫೈನಲ್‌ನಲ್ಲಿ ಇರಾನನ್ನು 1-0ರಿಂದ ಸೋಲಿಸಿ ಭಾರತ ಚಿನ್ನ ಗೆದ್ದಿತು. ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದಲ್ಲಿದ್ದರು. ಹೊಗಳಿಕೆಯ ಸದ್ದು ಅಡಗುವ ಮೊದಲೇ ಪೆಟ್ಟು ಬಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಭಾರತವನ್ನು 10-1ರಿಂದ ಸದೆಬಡಿಯಿತು. ಆ ಒಂದು ಗೋಲು ಅಹ್ಮದ್ ಖಾನರದು. ಚಳಿಯ ನಾಡಿನ ಆ ಮೈದಾನದಲ್ಲಿ ನಮ್ಮ ಹಲವು ಆಟಗಾರರು ಬರಿಗಾಲಲ್ಲಿದ್ದರು. ನಮ್ಮ ದೇಶದ ಪಂದ್ಯಗಳು 70 ನಿಮಿಷಕ್ಕೆ ಮುಗಿಯುತ್ತಿದ್ದವು, ಅಲ್ಲಿ 90 ನಿಮಿಷ ಓಡಬೇಕಿತ್ತು. ಬರಿಗಾಲಿನ ಆಟವನ್ನು ಹೆಮ್ಮೆಯೆಂದು ಭಾವಿಸಿದ್ದವರಿಗೆ ಬುದ್ಧಿ ಬಂದದ್ದು ಈ ಸೋಲಿನಿಂದ. ಬಳಿಕ ಬೂಟು ಕಡ್ಡಾಯವಾಯಿತು.

ಸೋತು ಬಂದ ತರಬೇತುದಾರನಿಗೆ ಎರಡು ದಾರಿಗಳಿರುತ್ತವೆ. ಚಳಿಯನ್ನೂ ಬೂಟನ್ನೂ ದೂರಿ ಕೈತೊಳೆದುಕೊಳ್ಳಬಹುದು, ಅಥವಾ ಗೆದ್ದವರಿಂದ ಕಲಿಯಬಹುದು. ರಹೀಮ್ ಸಾಹೇಬರು ಕಲಿತರು. ಹಂಗೇರಿಯಂತಹ ಯುರೋಪಿನ ತಂಡಗಳ ಆಟವನ್ನು ಗಮನಿಸಿ, ಮುಂದಿನ ಸಾಲಿನ ಆಟಗಾರನೊಬ್ಬನನ್ನು ಹಿಂದಕ್ಕೆ ಎಳೆದು ಎದುರಾಳಿಗಳ ಲೆಕ್ಕ ತಪ್ಪಿಸುವ ವಿಧಾನವನ್ನು ನಮ್ಮ ತಂಡಕ್ಕೆ ಹೊಂದಿಸಿದರು. 1958ರ ವಿಶ್ವಕಪ್‌ನಲ್ಲಿ ಬ್ರೆಝಿಲ್ ಪ್ರಸಿದ್ಧಿಗೆ ತಂದ 4-2-4 ರಚನೆಯನ್ನು ಅದಕ್ಕೆ ಮೊದಲೇ ಪ್ರಯೋಗಿಸಿದವರಲ್ಲಿ ಅವರೂ ಒಬ್ಬರೆಂದು ಈ ಆಟದ ಇತಿಹಾಸ ಬರೆದವರು ಗುರುತಿಸಿದ್ದಾರೆ.

ಫಲ ಕಂಡದ್ದು 1956ರಲ್ಲಿ, ಮೆಲ್ಬರ್ನಿನಲ್ಲಿ. ಭಾರತವು ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಮಣಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಫುಟ್ಬಾಲಿನಲ್ಲಿ ಏಶ್ಯಾದ ಆಟಗಾರನೊಬ್ಬ ಹ್ಯಾಟ್ರಿಕ್ ಸಾಧಿಸಿದ್ದು ಅದೇ ಮೊದಲು. ನಮ್ಮ ನಾಡಿನ ಕೆಂಪಯ್ಯ ಆ ತಂಡದ ಹಾಫ್‌ಬ್ಯಾಕ್ ಆಗಿದ್ದರು. ಸೆಮಿಫೈನಲ್‌ನಲ್ಲಿ ಮತ್ತೆ ಯುಗೊಸ್ಲಾವಿಯವೇ ಎದುರಾಯಿತು. ಈ ಬಾರಿಯೂ ಸೋಲಾಯಿತು, ಆದರೆ 4-1ರಿಂದ. ಕಂಚಿನ ಪದಕದ ಪಂದ್ಯವನ್ನು ಬಲ್ಗೇರಿಯ ಗೆದ್ದುಕೊಂಡಿತು.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತವು ಫ್ರಾನ್ಸಿನ ಜೊತೆ 1-1ರಿಂದ ಸಮ ಮಾಡಿಕೊಂಡು ಹಂಗೇರಿಯೆದುರು 2-1ರ ಅಂತರದಲ್ಲಷ್ಟೇ ಸೋತಿತು. ಆ ತಂಡದಲ್ಲಿ ರಹೀಮ್ ಸಾಹೇಬರ ಮಗ ಸೈಯದ್ ಶಾಹಿದ್ ಹಕೀಮ್ ಕೂಡಾ ಇದ್ದರು. ತರಬೇತುದಾರನ ಮಗ. ಆದರೆ ಇಡೀ ಒಲಿಂಪಿಕ್ಸ್‌ನಲ್ಲಿ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ಹೊರಗೆ ಕೂತು ನೋಡಿದರು. ಈ ಸಂಗತಿಯ ಬಗ್ಗೆ ತಂದೆ ಮಗನ ನಡುವೆ ಏನು ಮಾತಾಯಿತೋ ಅದು ಅವರ ಮನೆಯ ವಿಷಯ. ತಮ್ಮ ಮಕ್ಕಳಿಗಾಗಿ ಸೀಟು, ಹುದ್ದೆ, ಕಮಿಟಿಗಳ ಸದಸ್ಯತ್ವಗಳನ್ನು ಕಾದಿರಿಸುವವರ ನಡುವೆ ಬಾಳುವ ನಮಗೆ ಇಷ್ಟು ತಿಳಿದರೆ ಸಾಕು.

ಅವರ ಬಾಳಿನ ಕೊನೆಯ ದೊಡ್ಡ ಕೆಲಸ 1962ರ ಜಕಾರ್ತಾ ಏಶ್ಯನ್ ಕ್ರೀಡಾಕೂಟ. ಶ್ವಾಸಕೋಶದ ಕ್ಯಾನ್ಸರ್ ಆಗಲೇ ಅವರ ದೇಹವನ್ನು ಹೊಕ್ಕಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ 2-0ರಿಂದ ಸೋಲಿಸಿತು. ಥಾಯ್ಲೆಂಡ್ ಎದುರಿನ ಗೆಲುವಿನಲ್ಲಿ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ತಲೆಗೆ ಗಾಯ ಮಾಡಿಕೊಂಡು ಹೊಲಿಗೆ ಹಾಕಿಸಿಕೊಳ್ಳಬೇಕಾಯಿತು. ಗೋಲ್‌ಕೀಪರ್ ಪೀಟರ್ ತಂಗರಾಜ್ ಜ್ವರದಿಂದ ಮಲಗಿದರು. ಮೈದಾನದ ಹೊರಗೆ ಪರಿಸ್ಥಿತಿ ಇನ್ನೂ ಹದಗೆಟ್ಟಿತ್ತು. ಇಂಡೋನೇಶ್ಯವು ಇಸ್ರೇಲ್ ಮತ್ತು ತೈವಾನ್‌ಗಳ ಕ್ರೀಡಾಪಟುಗಳಿಗೆ ಪ್ರವೇಶ ನಿರಾಕರಿಸಿತ್ತು. ಭಾರತದ ಕ್ರೀಡಾ ಅಧಿಕಾರಿ ಜಿ.ಡಿ. ಸೋಂಧಿಯವರು ಇದನ್ನು ಬಹಿರಂಗವಾಗಿ ಆಕ್ಷೇಪಿಸಿದ್ದರಿಂದ ಜನ ರೊಚ್ಚಿಗೆದ್ದು ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿ ಮಾಡಿದರು. ಈ ಯಾವ ಜಗಳಕ್ಕೂ ಸಂಬಂಧವಿಲ್ಲದ ಹುಡುಗರು ಅದರ ಫಲ ಉಣ್ಣಬೇಕಾಯಿತು.

ಇಂತಹ ಹೊತ್ತಿನಲ್ಲಿ ರಹೀಮ್ ಸಾಹೇಬರು ಮಾಡಿದ ಒಂದು ಬದಲಾವಣೆಯನ್ನು ಹೇಳಲೇಬೇಕು. ತಲೆಯ ಹೊಲಿಗೆ ಮಾಯದ ಜರ್ನೈಲ್ ಸಿಂಗರನ್ನು ಅವರು ರಕ್ಷಣೆಯ ಸಾಲಿನಿಂದ ತೆಗೆದು ಮುಂದಿನ ಸಾಲಿನ ನಡುವೆ ನಿಲ್ಲಿಸಿದರು. ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಮನ್ನು 3-2ರಿಂದ ಸೋಲಿಸಿದ ಭಾರತಕ್ಕೆ ಫೈನಲ್‌ನಲ್ಲಿ ಮತ್ತೆ ದಕ್ಷಿಣ ಕೊರಿಯ ಎದುರಾಯಿತು. ಪಂದ್ಯದ ಹಿಂದಿನ ದಿನ ಅವರು ಆಟಗಾರರನ್ನು ಕೂರಿಸಿಕೊಂಡು, ತನಗೆ ಅವರಿಂದ ಒಂದು ಉಡುಗೊರೆ ಬೇಕು, ಅದು ನಾಳೆಯ ಚಿನ್ನ ಎಂದು ತಮ್ಮ ಹೈದರಾಬಾದಿ ಉರ್ದುವಿನಲ್ಲಿ ಕೇಳಿಕೊಂಡರಂತೆ. ಸದಾ ಕೊಟ್ಟೇ ಅಭ್ಯಾಸವಿದ್ದ ಗುರು ಶಿಷ್ಯರಲ್ಲಿ ಬೇಡಿದ್ದು ಇದೊಂದನ್ನೇ.

1962ರ ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಜನ ತುಂಬಿದ್ದ ಕ್ರೀಡಾಂಗಣದಲ್ಲಿ ಭಾರತದ ರಾಷ್ಟ್ರಗೀತೆಗೂ ಕೂಗಾಟ ಎದ್ದಿತು. ಭಾರತೀಯರ ಪರವಾಗಿ ದನಿಯೆತ್ತಿದ ಬೆರಳೆಣಿಕೆಯ ಮಂದಿಯಲ್ಲಿ ಪಾಕಿಸ್ತಾನದ ಹಾಕಿ ಆಟಗಾರರಿದ್ದರು. ಹದಿನೇಳನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದರು. ಇಪ್ಪತ್ತನೆಯ ನಿಮಿಷದಲ್ಲಿ ಇನ್ನೊಂದು ಗೋಲು, ಅದನ್ನು ಹೊಡೆದವರು ಅದೇ ಜರ್ನೈಲ್ ಸಿಂಗ್. ಜ್ವರದಿಂದೆದ್ದ ತಂಗರಾಜ್ ಗೋಲಿನ ಮುಂದೆ ನಿಂತಿದ್ದರು. ಕೊರಿಯಕ್ಕೆ ಕೊನೆಗಳಿಗೆಯಲ್ಲಿ ಒಂದು ಗೋಲು ದಕ್ಕಿತು, ಅಷ್ಟೇ. ಆ ಬಳಿಕ ಇಂದಿನ ತನಕ ಏಶ್ಯನ್ ಕ್ರೀಡಾಕೂಟದ ಫುಟ್ಬಾಲ್ ಚಿನ್ನ ಭಾರತಕ್ಕೆ ಬಂದಿಲ್ಲ.

ಹೈದರಾಬಾದಿಗೆ ಮರಳಿದ ರಹೀಮ್ ಸಾಹೇಬರು ಹಾಸಿಗೆ ಹಿಡಿದರು. ಸಾವು ಕ್ಷಣಮಾತ್ರದಲ್ಲಿ ಬರಲಿಲ್ಲ, ತಿಂಗಳುಗಟ್ಟಲೆ ನೋಯಿಸಿತು. 1963ರ ಜೂನ್ 11ರಂದು ಅವರು ಇಹಲೋಕ ತ್ಯಜಿಸಿದರು. ಇನ್ನಾಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಆಗ ಅವರಿಗೆ 53 ವರ್ಷ. ತರಬೇತುದಾರರಿಗೆಂದು ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾಗುವುದಕ್ಕೆ ಇನ್ನೂ 22 ವರ್ಷಗಳಿದ್ದವು. ಜನರ ನೆನಪಿನಿಂದ ಅವರ ಹೆಸರು ಮಾಸುತ್ತಾ ಹೋಯಿತು. 2024ರಲ್ಲಿ ಮೈದಾನ್ ಎಂಬ ಹಿಂದಿ ಚಲನಚಿತ್ರ ಬಂದ ಮೇಲೆ ಅದು ಮತ್ತೆ ಕೇಳಿಬಂತು. ಚಲನಚಿತ್ರವೆಂದ ಮೇಲೆ ಕಲ್ಪನೆ ಬೆರೆಯುವುದು ಸಹಜ, ಅದನ್ನೇ ಇತಿಹಾಸವೆಂದು ಯಾರೂ ಓದಬೇಕಾಗಿಲ್ಲ.

ಅವರ ಶಿಷ್ಯರಲ್ಲಿ ಕೆಲವರು ಸ್ವತಃ ಗುರುಗಳಾದರು. ಪಿ.ಕೆ. ಬ್ಯಾನರ್ಜಿ ಕಲ್ಕತ್ತದ ದೊಡ್ಡ ತಂಡಗಳನ್ನೂ ಭಾರತ ತಂಡವನ್ನೂ ಪಳಗಿಸಿದರು. 1982ರ ದಿಲ್ಲಿ ಏಶ್ಯನ್ ಕ್ರೀಡಾಕೂಟದಲ್ಲಿ ಪಿ.ಕೆ.ಯವರ ಸಹಾಯಕ ತರಬೇತುದಾರರಾಗಿದ್ದವರು, ರೋಮ್‌ನಲ್ಲಿ ಆಡಲು ಅವಕಾಶ ಸಿಗದ ಆ ಹಕೀಮ್. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದ ಅವರು ಅಂತಾರಾಷ್ಟ್ರೀಯ ರೆಫ್ರಿಯೂ ಆದರು. 2017ರಲ್ಲಿ ಅವರಿಗೆ ಧ್ಯಾನ್‌ಚಂದ್ ಪ್ರಶಸ್ತಿ ದೊರೆಯಿತು. 2021ರ ಆಗಸ್ಟ್ 22ರಂದು ಅವರು ನಮ್ಮ ಕಲಬುರ್ಗಿಯಲ್ಲಿ ಕೊನೆಯುಸಿರೆಳೆದರು.