ಮುಸುರಿ ನೀರಿನ ಮುಂದೆ ನಿಂತವಳು: ಆಗ್ನೆಸ್ ಪೊಕೆಲ್ಸ್

ಲೇಸರ್ ಬಗ್ಗೆ ಓದಿದವರಿಗೆ ಪೊಕೆಲ್ಸ್ ಸೆಲ್ ಹೆಸರು ಗೊತ್ತಿರ್ತದ. ಅದು ಫ್ರೀಡ್ರಿಶ್ ಪೊಕೆಲ್ಸ್ ಅನ್ನೋ ಜರ್ಮನ್ ಪ್ರೊಫೆಸರನ ಹೆಸರು. ಆತನಿಗೊಬ್ಬಳು ಅಕ್ಕ ಇದ್ದಳು, ಆಗ್ನೆಸ್. ಫ್ಲೂಯಿಡ್ ಮೆಕ್ಯಾನಿಕ್ಸ್‌ನಾಗ ಸರ್ಫೇಸ್ ಟೆನ್ಶನ್ ಅಂತ ಎರಡು ಪುಟ ಓದಿ ನಾವು ಮುಂದಕ್ಕೆ ಹೋಗ್ತೀವಲ್ಲ, ಆ ಮೇಲ್ಮೈ ಎಳೆತವನ್ನು ಅಡುಗೆಮನೆಯಲ್ಲಿ ನಿಂತು ಅಳೆದವಳು ಆಕೆ. ಆಕೆಯ ಹೆಸರಿನ ಸೆಲ್ ಯಾವ ಲ್ಯಾಬಿನಲ್ಲೂ ಇಲ್ಲ.

ಹುಟ್ಟಿದ್ದು 1862ರ ಫೆಬ್ರವರಿ 14ರಂದು, ವೆನಿಸ್‌ನಲ್ಲಿ. ತಂದೆ ಆಸ್ಟ್ರಿಯಾದ ಸೈನ್ಯದಲ್ಲಿದ್ದರು. ಮಲೇರಿಯಾದಿಂದ ಅವರ ಆರೋಗ್ಯ ಕೆಟ್ಟು, 1871ರಲ್ಲಿ ಸೇವೆ ಬಿಟ್ಟ ಮೇಲೆ ಕುಟುಂಬ ಜರ್ಮನಿಯ ಬ್ರೌನ್‌ಶ್ವೈಗ್ ಊರಿಗೆ ಬಂತು. ಆಗ್ನೆಸ್ ಅಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದಳು. ಫಿಸಿಕ್ಸ್ ಅಂದ್ರೆ ಜೀವ. ಆದರೆ ಆಗ ಅಲ್ಲಿನ ಯೂನಿವರ್ಸಿಟಿಗಳು ಹುಡುಗಿಯರನ್ನು ಸೇರಿಸಿಕೊಳ್ತಿರಲಿಲ್ಲ. ಮುಂದೆ ಬಾಗಿಲು ತೆರೆದಾಗ ಮನೆಯವರು ಬೇಡ ಅಂದರು. ತಂದೆ-ತಾಯಿ ಇಬ್ಬರೂ ಕಾಯಿಲೆಯವರು, ನೋಡಿಕೊಳ್ಳೋಕೆ ಮಗಳೇ ಬೇಕು. ಮೂರು ವರ್ಷ ಚಿಕ್ಕವನಾದ ತಮ್ಮ ಗ್ಯೊಟಿಂಗನ್‌ಗೆ ಓದಲು ಹೋದ. ಅವನು ತಂದುಕೊಟ್ಟ ಪುಸ್ತಕಗಳೇ ಆಕೆಯ ಕಾಲೇಜು.

ಇನ್ನು ಲ್ಯಾಬು? ಭಾಂಡೆ ತಿಕ್ಕೋ ಜಾಗ. ಮುಸುರಿ ನೀರಿನ ಮೇಲೆ ಜಿಡ್ಡು ಕೂತಾಗ ನೀರಿನ ನಡವಳಿಕೆಯೇ ಬದಲಾಗೋದನ್ನು ಆಕೆ ಕಂಡಳು. ನಮ್ಮ ಮನೆಯಾಗ ಅವ್ವ, ಅಕ್ಕ ದಿನಾ ನೋಡೋದು ಇದನ್ನೇ. 20 ವರ್ಷದ ಆಸುಪಾಸಿನಲ್ಲಿ ಆಕೆ ಅದನ್ನು ಅಳೆಯೋಕೆ ಕೂತಳು. ಉಪಕರಣ ಅಂದ್ರೆ ಒಂದು ತಗಡಿನ ತೊಟ್ಟಿ, 70 ಸೆಂ.ಮೀ. ಉದ್ದ, 5 ಅಗಲ, 2 ಎತ್ತರ. ಅಂಚಿನವರೆಗೆ ನೀರು ತುಂಬಿ, ಅಡ್ಡಲಾಗಿ ಒಂದು ತಗಡಿನ ಪಟ್ಟಿ ಇಡೋದು. ಪಟ್ಟಿ ಸರಿಸಿದರೆ ಒಂದು ಬದಿಯ ಮೇಲ್ಮೈ ಕುಗ್ಗುತ್ತದೆ, ಇನ್ನೊಂದು ಬದಿ ಹಿಗ್ಗುತ್ತದೆ. 6 ಮಿ.ಮೀ. ಅಗಲದ ಪುಟ್ಟ ಬಿಲ್ಲೆಯನ್ನು ತಕ್ಕಡಿಗೆ ತೂಗಿಬಿಟ್ಟು ನೀರಿಗೆ ಮುಟ್ಟಿಸಿ, ಅದನ್ನು ಕಿತ್ತೆತ್ತಲು ಎಷ್ಟು ಬಲ ಬೇಕು ಅಂತ ಅಳೆಯೋದು. ಇಷ್ಟೇ ಸೆಟಪ್.

ಸಿಕ್ಕ ಫಲಿತಾಂಶ ಮಾತ್ರ ಸಣ್ಣದಲ್ಲ. ಜಿಡ್ಡಿನ ಮೇಲ್ಮೈಯನ್ನು ಕುಗ್ಗಿಸುತ್ತ ಹೋದರೆ ಮೊದಮೊದಲು ಎಳೆತ ಶುದ್ಧ ನೀರಿನಷ್ಟೇ ಇರ್ತದ. ಒಂದು ಹಂತ ದಾಟಿದ ಕೂಡಲೇ ದಡಕ್ಕನೆ ಇಳೀತದ. ಆ ಹಂತದಲ್ಲಿ ಎಣ್ಣೆಯ ಅಣುಗಳು ಒಂದಕ್ಕೊಂದು ತಾಗಿ ಒಂದೇ ಪದರವಾಗಿ ನಿಂತಿರ್ತಾವ ಅಂತ ಮುಂದೆ, 1899ರಲ್ಲಿ, ಲಾರ್ಡ್ ರೇಲಿ ಅರ್ಥ ಹೇಳಿದ. ಪದರದ ದಪ್ಪ ಸುಮಾರು 1 ನ್ಯಾನೊಮೀಟರ್. ತಗಡಿನ ತೊಟ್ಟಿಯಿಂದ ಅಣುವಿನ ಅಳತೆ!

ಈ ಎಳೆತದ ಆಟ ನೋಡಬೇಕಂದ್ರೆ ಹಿಡಕಲ್ ಡ್ಯಾಮಿನ ಹಿನ್ನೀರಿನ ಅಂಚಿಗೋ ಮೂಡಲಗಿ ಕಡೆಯ ಕೆನಾಲ್ ದಂಡೆಗೋ ಹೋಗ್ರಿ. ನಿಂತ ನೀರಿನ ಮೇಲೆ ಉದ್ದ ಕಾಲಿನ ಹುಳ ಜಾರಾಡ್ತಿರ್ತದ. (ಗೋಕಾಕ ಫಾಲ್ಸ್ ಬುಡಕ್ಕ ಬ್ಯಾಡ. 170 ಅಡಿ ಮೇಲಿಂದ ಬೀಳೋ ನೀರಿನಾಗ ಯಾವ ಹುಳಾನೂ ನಿಲ್ಲಂಗಿಲ್ಲ.) ಘಟಪ್ರಭೆಯಲ್ಲಿ ಗಾಳ ಹಾಕೋರು ಎರೆಹುಳ ಸಿಕ್ಕಿಸಿ ಮುಳುಗಿಸ್ತಾರ. ಇಂಗ್ಲೆಂಡಿನ ಕೆಲವರು ಅಂಥ ಹುಳವನ್ನೇ ನಕಲು ಮಾಡಿ ನೀರಿನ ಮೇಲೆ ತೇಲಿಸ್ತಾರೆ. ಕೊಕ್ಕೆಗೆ ಹುಂಜದ ಕತ್ತಿನ ಗರಿ ಸುತ್ತಿದ ಈ ನಕಲಿ ನೊಣಕ್ಕೆ ಡ್ರೈ ಫ್ಲೈ ಅಂತ ಹೆಸರು. ಆಗ್ನೆಸ್ ತೊಟ್ಟಿಯ ಮುಂದೆ ಕೂತಿದ್ದ ಕಾಲಕ್ಕೇ, 1886ರಲ್ಲಿ, ಫ್ರೆಡರಿಕ್ ಹಾಲ್ಫರ್ಡ್ ಎಂಬಾತ ಈ ತೇಲುವ ನೊಣಗಳ ಮೇಲೆ ಪುಸ್ತಕವನ್ನೇ ಬರೆದ.

ಕೊಕ್ಕೆ ಉಕ್ಕಿನದು, ನೀರಿಗಿಂತ ಏಳೆಂಟು ಪಟ್ಟು ಸಾಂದ್ರ. ಆದರೂ ಯಾಕೆ ತೇಲ್ತದ? ಲೆಕ್ಕ ಹಾಕೋಣ. ನೊಣದ ತೂಕ 50 ಮಿಲಿಗ್ರಾಂ ಅಂತಿಟ್ಟುಕೊಳ್ಳಿ, ಅಂದ್ರೆ ಸುಮಾರು 0.0005 ನ್ಯೂಟನ್. ನೀರಿನ ಎಳೆತ ಮೀಟರಿಗೆ 0.072 ನ್ಯೂಟನ್. ಎಳೆತ ನೇರ ಮೇಲಕ್ಕೇ ಕೆಲಸ ಮಾಡಿದರೆ ಕೇವಲ 7 ಮಿ.ಮೀ. ಸಂಪರ್ಕ ರೇಖೆ ಸಾಕು. ಗರಿಯ ಹತ್ತಾರು ಎಳೆಗಳು ಅದಕ್ಕಿಂತ ಹೆಚ್ಚೇ ಕೊಡ್ತಾವ. ಷರತ್ತು ಒಂದೇ, ಎಳೆ ಒದ್ದೆಯಾಗಬಾರದು. ಅದಕ್ಕೇ ಗರಿಗೆ ಪ್ಯಾರಫಿನ್ ಎಣ್ಣೆ ಸವರೋ ರೂಢಿ ಬಂತು.

ಇಲ್ಲೊಂದು ಗೊಂದಲ. ಜಿಡ್ಡು ಎಳೆತ ಇಳಿಸ್ತದ ಅಂದ ಮೇಲೆ ಎಣ್ಣೆ ಹಚ್ಚಿದ ನೊಣ ಮುಳುಗಬೇಕಲ್ಲ? ಜಿಡ್ಡು ಎಲ್ಲಿ ಕೂತದ ಅನ್ನೋದೇ ಉತ್ತರ. ಗರಿಗೆ ಅಂಟಿಕೊಂಡ ಎಣ್ಣೆ ನೀರನ್ನು ದೂರ ಇಡ್ತದ. ಎಳೆಯ ಕೆಳಗೆ ಮೇಲ್ಮೈ ತಗ್ಗಾಗಿ ಬಗ್ಗಿ ನೊಣವನ್ನು ಹೊರ್ತದ. ನೀರಿನ ಮೇಲೆ ಒತ್ತಾಗಿ ಹರಡಿದ ಜಿಡ್ಡು ಆ ಹೊರುವ ಶಕ್ತಿಯನ್ನೇ ಕಸೀತದ. ಸಾಬೂನು ಎರಡೂ ಕಡೆ ಹೊಡೀತದ, ಎಳೆತ ಅರ್ಧಕ್ಕಿಂತ ಕೆಳಗೆ, ಗರಿಯೂ ಒದ್ದೆ. ಎಷ್ಟು ಜಿಡ್ಡಿಗೆ ಎಷ್ಟು ಇಳಿತ ಅನ್ನೋದನ್ನು ಅಂಕಿಯಲ್ಲಿ ತೋರಿಸಿದ್ದೇ ಆ ತಗಡಿನ ತೊಟ್ಟಿ.

ಸುಮಾರು ಹತ್ತು ವರ್ಷ ಈ ಅಂಕಿಗಳು ಮನೆಯೊಳಗೇ ಉಳಿದವು. ಡಿಗ್ರಿ ಇಲ್ಲದವಳ ಮಾತು ಕೇಳೋರು ಯಾರು? ರೇಲಿ ಕೂಡ ಇದೇ ವಿಷಯದಲ್ಲಿ ಪ್ರಯೋಗ ಮಾಡ್ತಿದ್ದಾನೆ ಅಂತ ಗೊತ್ತಾದ ಮೇಲೆ, 1891ರ ಜನವರಿ 10ರಂದು ಆತನಿಗೆ ಜರ್ಮನ್ ಭಾಷೆಯಲ್ಲೇ ಪತ್ರ ಬರೆದಳು. ರೇಲಿಯ ಹೆಂಡತಿ ಅದನ್ನು ಇಂಗ್ಲಿಷಿಗೆ ಮಾಡಿಕೊಟ್ಟರು. ತಾನೇ ಅದೇ ಹಾದಿಯಲ್ಲಿದ್ದ ರೇಲಿ ಪತ್ರವನ್ನು ಮುಚ್ಚಿಡಬಹುದಿತ್ತು. ಮುಚ್ಚಿಡದೆ ನೇಚರ್ ಪತ್ರಿಕೆಗೆ ಕಳಿಸಿದ. ಮಾರ್ಚ್ 12ರಂದು ಆಕೆಯ ಹೆಸರಿನಲ್ಲೇ ಅಚ್ಚಾಯಿತು. ನನಗೆ ರೇಲಿಯ ನೊಬೆಲ್‌ಗಿಂತ ಈ ಕೆಲಸವೇ ದೊಡ್ಡದು ಅನ್ನಿಸ್ತದ.

ಆಮೇಲೂ ಆಕೆ ಲೇಖನ ಬರೆದಳು, ಮನೆಯಿಂದಲೇ. ತಂದೆ-ತಾಯಿಯ ಸೇವೆ, ತನ್ನದೇ ಅನಾರೋಗ್ಯ, 1913ರಲ್ಲಿ ತಮ್ಮನ ಸಾವು, ಮರುವರ್ಷವೇ ಶುರುವಾದ ಮಹಾಯುದ್ಧ. ಪ್ರಯೋಗಗಳು ಬರಬರುತ್ತಾ ಕಡಿಮೆಯಾದವು. ಆಕೆಯ ತೊಟ್ಟಿಯನ್ನೇ ಸುಧಾರಿಸಿ 1917ರಲ್ಲಿ ಅಮೆರಿಕದ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಕೆಲಸ ಮುಂದುವರಿಸಿದ. 1932ರಲ್ಲಿ ಮೇಲ್ಮೈ ರಸಾಯನಶಾಸ್ತ್ರಕ್ಕಾಗಿ ಅವನಿಗೆ ನೊಬೆಲ್ ಬಂತು. ಅದೇ ವರ್ಷ ಬ್ರೌನ್‌ಶ್ವೈಗ್‌ನ ಟೆಕ್ನಿಕಲ್ ಯೂನಿವರ್ಸಿಟಿ 70 ವರ್ಷದ ಆಗ್ನೆಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು, ಆಕೆಯ ಬದುಕಿನ ಮೊದಲ ಮತ್ತು ಕೊನೆಯ ಡಿಗ್ರಿ. 1935ರ ನವೆಂಬರ್ 21ರಂದು ಅದೇ ಊರಿನಲ್ಲಿ ತೀರಿಕೊಂಡಳು. ಆ ತೊಟ್ಟಿಯ ಸುಧಾರಿತ ರೂಪ ಇವತ್ತೂ ಮೆಟೀರಿಯಲ್ಸ್ ಲ್ಯಾಬ್‌ಗಳಲ್ಲಿ ಬಳಕೆಯಲ್ಲಿದೆ. ಅದರ ಹೆಸರು ಲ್ಯಾಂಗ್‌ಮ್ಯೂರ್ ಟ್ರಫ್.