ಡೆನಿಸ್ ರಿಚಿ ಮತ್ತು ನಮ್ಮ ಡಿಲೀಟ್ ಆದ ಫೋಲ್ಡರ್

ಹೋದ ಸೆಮಿಸ್ಟರ್‌ನಲ್ಲಿ, ಸಬ್ಮಿಷನ್‌ಗೆ ಹಿಂದಿನ ರಾತ್ರಿ, ನಮ್ಮ ಮಿನಿ ಪ್ರಾಜೆಕ್ಟ್ ಫೋಲ್ಡರನ್ನ ನಾವೇ ಕೈಯಾರೆ ಡಿಲೀಟ್ ಮಾಡಿದ್ವಿ. ಲಿನಕ್ಸ್ ಟರ್ಮಿನಲ್‌ನಲ್ಲಿ ಆರ್‌ಎಂ ಕಮಾಂಡ್ ಕೊಟ್ಟರೆ ಫೈಲ್ ಟ್ರ್ಯಾಶ್‌ಗೂ ಹೋಗಲ್ಲ. ವಾಪಸ್ ತರೋ ದಾರಿ ಹುಡುಕುವಾಗ ಪದೇ ಪದೇ ಐನೋಡ್ ಅನ್ನೋ ಪದ ಕಾಣಿಸಿತು. ಅದರ ಹಿಂದೆ ಹೋದಾಗ ಸಿಕ್ಕವರು ಡೆನಿಸ್ ರಿಚಿ. ಸಿ ಲ್ಯಾಂಗ್ವೇಜ್ ಮಾಡಿದವರು ಅಂತ ಫಸ್ಟ್ ಇಯರ್‌ನಲ್ಲಿ ಎರಡು ಮಾರ್ಕ್ಸಿಗೆ ಓದಿದ್ದೆವು, ಅಷ್ಟೇ.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ವಿಜ್ಞಾನಿ. ಮಗ ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಓದಿ, ಅಲ್ಲೇ ಪಿಎಚ್‌ಡಿಗೆ ಸೇರಿದರು. 1967ರಲ್ಲಿ ಅವರೂ ಬೆಲ್ ಲ್ಯಾಬ್ಸ್ ಸೇರಿದರು. ಮುಂದಿನ ವರ್ಷ ಥೀಸಿಸ್ ಬರೆದು ಮುಗಿಸಿದರೂ ಬೈಂಡ್ ಮಾಡಿದ ಪ್ರತಿಯನ್ನ ಲೈಬ್ರರಿಗೆ ಕೊಡಲೇ ಇಲ್ಲ. ಹಾಗಾಗಿ ಡಿಗ್ರಿ ಬರಲಿಲ್ಲ. ಥೀಸಿಸ್ ಎಲ್ಲಿದೆ ಅನ್ನೋದೂ ಕ್ರಮೇಣ ಯಾರಿಗೂ ಗೊತ್ತಿಲ್ಲದಂತಾಯಿತು.

ಆಗ ಬೆಲ್ ಲ್ಯಾಬ್ಸ್ ಮಲ್ಟಿಕ್ಸ್ ಅನ್ನೋ ದೊಡ್ಡ ಆಪರೇಟಿಂಗ್ ಸಿಸ್ಟಂ ಯೋಜನೆಯಲ್ಲಿತ್ತು. 1969ರಲ್ಲಿ ಅದರಿಂದ ಹೊರಬಂತು. ಕೆನ್ ಥಾಂಪ್ಸನ್, ರಿಚಿ, ರಡ್ ಕ್ಯಾನಡೇ ಸೇರಿ ಹೊಸ ಫೈಲ್ ಸಿಸ್ಟಂ ಒಂದರ ರೂಪರೇಷೆ ಹಾಕಿದರು. ಪಿಡಿಪಿ-7 ಅನ್ನೋ ಪುಟ್ಟ ಕಂಪ್ಯೂಟರಿನ ಮೇಲೆ ಥಾಂಪ್ಸನ್ ಅದನ್ನ ಕಟ್ಟಿದರು. ಯುನಿಕ್ಸ್ ಶುರುವಾಗಿದ್ದು ಹೀಗೆ.

ಅದರಲ್ಲಿ ಫೈಲಿನ ಹೆಸರು ಬೇರೆ, ಫೈಲ್ ಬೇರೆ. ಹೆಸರು ಡೈರೆಕ್ಟರಿಯಲ್ಲಿರುತ್ತೆ. ಡೇಟಾ ಡಿಸ್ಕಿನಲ್ಲಿ ಎಲ್ಲಿದೆ ಅನ್ನೋ ವಿವರ ಐನೋಡ್‌ನಲ್ಲಿರುತ್ತೆ. ಆರ್‌ಎಂ ಅಳಿಸೋದು ಹೆಸರನ್ನ. ಫೈಲಿಗೆ ಒಂದೂ ಹೆಸರು ಉಳಿಯದೆ, ಅದನ್ನ ಓಪನ್ ಇಟ್ಟುಕೊಂಡ ಪ್ರೋಗ್ರಾಂ ಕೂಡ ಇಲ್ಲದಾಗ ಮಾತ್ರ ಆ ಜಾಗ ಖಾಲಿ ಅಂತ ಗುರುತಾಗುತ್ತೆ. ಆಮೇಲೂ ಸಾಮಾನ್ಯ ಹಾರ್ಡ್ ಡಿಸ್ಕ್‌ನಲ್ಲಿ, ಬೇರೆ ಫೈಲ್ ಬಂದು ಅದರ ಮೇಲೆ ಬರೆಯೋವರೆಗೆ ಹಳೇ ಡೇಟಾ ಇದ್ದೇ ಇರುತ್ತೆ. ಇವತ್ತಿನ ಲಿನಕ್ಸ್ ಫೈಲ್ ಸಿಸ್ಟಂಗಳಲ್ಲೂ ಇದೇ ಐಡಿಯಾ.

1972ರ ಹೊತ್ತಿಗೆ ರಿಚಿ ಸಿ ಭಾಷೆ ರೂಪಿಸಿದರು. 1973ರಲ್ಲಿ ಯುನಿಕ್ಸನ್ನೇ ಸಿಯಲ್ಲಿ ಮತ್ತೆ ಬರೆದರು. 1978ರಲ್ಲಿ ಬ್ರಯಾನ್ ಕರ್ನಿಹನ್ ಜೊತೆ ಬರೆದ ಸಿ ಪುಸ್ತಕ ಬಂತು. 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ.

ನಮಗೆ ತುಂಬಾ ಇಷ್ಟವಾದ ಘಟನೆ ಇನ್ನೊಂದು. ಸಿಯ ಮೊದಮೊದಲ ಕಂಪೈಲರ್‌ಗಳು ಹಳೇ ಟೇಪ್‌ಗಳಲ್ಲಿ ಉಳಿದುಬಿಟ್ಟಿದ್ದವು. ಎಷ್ಟೋ ವರ್ಷಗಳ ನಂತರ ಪಾಲ್ ವಿಕ್ಸಿ, ಕೀತ್ ಬೋಸ್ಟಿಕ್ ಇಬ್ಬರೂ ಅದೇ ಕಾಲದ ಟೇಪ್ ಡ್ರೈವ್ ಒಂದನ್ನ ಹುಡುಕಿ, ಟೇಪ್‌ಗಳನ್ನ ಓದಿಕೊಡಲು ಮುಂದೆ ಬಂದರು. ರಿಚಿ ಕಂಪ್ಯೂಟರ್ ರೂಮಿನ ನೆಲದ ಅಡಿ ಇಟ್ಟಿದ್ದ ಟೇಪ್‌ಗಳನ್ನ ಹೊರತೆಗೆದರು. ಅದರಲ್ಲಿ ಸಿಕ್ಕ 1972-73ರ ಎರಡು ಕಂಪೈಲರ್‌ಗಳನ್ನ ತಮ್ಮ ವೆಬ್ ಪೇಜಿನಲ್ಲಿ ಎಲ್ಲರಿಗೂ ಕೊಟ್ಟರು.

2007ರಲ್ಲಿ ನಿವೃತ್ತರಾದ ಅವರು 2011ರ ಅಕ್ಟೋಬರ್‌ನಲ್ಲಿ, 70ನೇ ವಯಸ್ಸಿಗೆ, ನ್ಯೂಜೆರ್ಸಿಯ ಮನೆಯಲ್ಲಿ ತೀರಿಕೊಂಡರು. ಒಬ್ಬರೇ ಇದ್ದರು. ಸ್ಟೀವ್ ಜಾಬ್ಸ್ ತೀರಿಕೊಂಡು ಒಂದು ವಾರವಷ್ಟೇ ಆಗಿತ್ತು. ಆಗ ನಾವು ಯುಕೆಜಿಯಲ್ಲಿದ್ದೆವು.

ಆ ಥೀಸಿಸ್ ಏನಾಯ್ತು ಗೊತ್ತಾ? ರಿಚಿ ಹೋದಮೇಲೆ ಮನೆಯವರು ಹುಡುಕಿ ಒಂದು ಪ್ರತಿ ಪತ್ತೆ ಮಾಡಿದರು. 2020ರಲ್ಲಿ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಅದರ ಕಥೆಯನ್ನ ಜಗತ್ತಿಗೆ ತಿಳಿಸಿತು. ಕ್ಯಾಟಲಾಗಿನಲ್ಲಿ ಹೆಸರಿರಲಿಲ್ಲ, ಕಾಗದ ಮಾತ್ರ ಇತ್ತು.

ನಮ್ಮ ಕಥೆಗೆ ಬಂದರೆ, ಸೆನ್ಸರ್ ರೀಡಿಂಗ್ ಬರೆಯುತ್ತಿದ್ದ ಪ್ರೋಗ್ರಾಂ ಅದೃಷ್ಟಕ್ಕೆ ಇನ್ನೂ ಓಡ್ತಾ ಇತ್ತು. ಅದು ಓಪನ್ ಇಟ್ಟುಕೊಂಡಿದ್ದ ಫೈಲನ್ನ ಪ್ರಾಕ್ ಡೈರೆಕ್ಟರಿಯಿಂದ ಪೆನ್ ಡ್ರೈವ್‌ಗೆ ಕಾಪಿ ಮಾಡಿಕೊಂಡ್ವಿ. ಆಮೇಲೆ ಡಿಸ್ಕ್ ಮೇಲೆ ಏನೂ ಬರೆಯದ ಹಾಗೆ ಲ್ಯಾಪ್‌ಟಾಪ್ ಆಫ್ ಮಾಡಿ, ಪೆನ್ ಡ್ರೈವಿನಿಂದ ಬೂಟ್ ಮಾಡಿ, ಫೋಟೋರೆಕ್ ಓಡಿಸಿದ್ವಿ. ಹಳೇ ಹಾರ್ಡ್ ಡಿಸ್ಕ್ ಆದ್ದರಿಂದ ಅರ್ಧದಷ್ಟು ಸಿ ಫೈಲ್‌ಗಳು ಬಂದವು. ಹೆಸರಿಲ್ಲ, ಬರೀ ನಂಬರ್! ಒಂದೊಂದನ್ನೇ ತೆರೆದು ಗುರುತು ಹಿಡಿಯುವಷ್ಟರಲ್ಲಿ ಬೆಳಗಾಗಿತ್ತು. ಎಸ್‌ಎಸ್‌ಡಿ ಆಗಿದ್ದರೆ ಬಹುಶಃ ಅದೂ ಸಿಗ್ತಿರಲಿಲ್ಲ, ಖಾಲಿಯಾದ ಜಾಗವನ್ನ ಟ್ರಿಮ್ ಬೇಗ ಒರೆಸಿಬಿಡುತ್ತೆ.

ಉಳಿದರ್ಧ ಮತ್ತೆ ಬರೆದ್ವಿ. ಈಗ ದಿನಾ ರಾತ್ರಿ ಬ್ಯಾಕಪ್ ತಗೊಳ್ತೀವಿ. ನೀವೂ ಇವತ್ತೇ ಶುರು ಮಾಡಿ.