ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್

ಬೆಂಗಳೂರಿನ ಶೇಷಾದ್ರಿಪುರ ಎಂಬ ಬಡಾವಣೆಯ ಹೆಸರನ್ನು ಕೇಳದವರು ವಿರಳ. ಅಲ್ಲಿನ ಕಬ್ಬನ್ ಉದ್ಯಾನದಲ್ಲಿ ಕೆಂಪು ಬಣ್ಣದ ಭವ್ಯವಾದ ಗ್ರಂಥಾಲಯವೊಂದಿದೆ. ಅದರ ಮುಂದೆ ಗಂಭೀರ ನಿಲುವಿನ ಪ್ರತಿಮೆಯೊಂದು ನಿಂತಿದೆ. ಬಡಾವಣೆ, ಗ್ರಂಥಾಲಯ, ಪ್ರತಿಮೆ ಈ ಮೂರೂ ಹದಿನೆಂಟು ವರ್ಷಗಳ ಕಾಲ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ನೆನಪಿಗೆ ಮೀಸಲಾಗಿವೆ. ಶಿವನಸಮುದ್ರದ ವಿದ್ಯುತ್ತು, ಮಾರಿಕಣಿವೆಯ ಅಣೆಕಟ್ಟು, ಕೋಲಾರದ ಚಿನ್ನದ ಗಣಿಗಳ ಬೆಳವಣಿಗೆ ಮೊದಲಾದ ದೊಡ್ಡ ಕಾರ್ಯಗಳೊಡನೆ ಜನ ಅವರ ಹೆಸರನ್ನು ಸ್ಮರಿಸುತ್ತಾರೆ. ಆದರೆ ಸದ್ದಿಲ್ಲದೆ ನಡೆದು ಸಾವಿರಾರು ಮನೆಗಳಿಗೆ ಆಸರೆಯಾದ ಅವರ ಇನ್ನೊಂದು ಕಾರ್ಯವೂ ಉಂಟು. ಕೆಟ್ಟ ಕಾಲ ಬರುವುದಕ್ಕೆ ಮೊದಲೇ ಅದಕ್ಕೆ ಸಿದ್ಧರಾಗಿರಬೇಕು ಎಂಬ ತಿಳಿವಳಿಕೆಯನ್ನು ಅವರು ರಾಜ್ಯದ ಆಡಳಿತದಲ್ಲಿ ಬೇರೂರಿಸಿದರು. ಅದರ ಹಿಂದೆ ಒಂದು ಘೋರವಾದ ಅನುಭವವಿತ್ತು.

ಶೇಷಾದ್ರಿ ಅಯ್ಯರ್ 1845ರ ಜೂನ್ 1ರಂದು ಮಲಬಾರಿನ ಪಾಲಕ್ಕಾಡಿನ ಸಮೀಪದ ಕುಮಾರಪುರದಲ್ಲಿ ಜನಿಸಿದರು. ಕಲ್ಲಿಕೋಟೆಯಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಓದಿ 1868ರಲ್ಲಿ ಪದವೀಧರರಾದರು. ಅದೇ ವರ್ಷ, ಮೈಸೂರಿನ ಸೇವೆಯಲ್ಲಿದ್ದ ಸಿ. ರಂಗಾಚಾರ್ಲು ಅವರ ಮೂಲಕ ಈ ಸಂಸ್ಥಾನಕ್ಕೆ ಬಂದರು. ಆಗ ಮೈಸೂರು ಬ್ರಿಟಿಷ್ ಕಮಿಷನರ ಆಡಳಿತಕ್ಕೆ ಒಳಪಟ್ಟಿತ್ತು. ಕೆಳಗಿನ ಹುದ್ದೆಯಿಂದ ಆರಂಭಿಸಿ ನ್ಯಾಯ ಹಾಗೂ ಕಂದಾಯ ಇಲಾಖೆಗಳಲ್ಲಿ ಒಂದೊಂದೇ ಮೆಟ್ಟಿಲನ್ನೇರಿದ ಅವರು ಸಂಸ್ಥಾನದ ಒಳಹೊರಗನ್ನು ಚೆನ್ನಾಗಿ ಅರಿತುಕೊಂಡರು. ಕೆಲಸದ ನಡುವೆಯೇ 1874ರಲ್ಲಿ ಕಾನೂನು ಪದವಿಯನ್ನೂ ಪಡೆದರು.

ಅವರು ಸೇವೆಗೆ ಸೇರಿ ಎಂಟು ವರ್ಷ ಕಳೆಯುವಷ್ಟರಲ್ಲಿ ಮೈಸೂರು ಸೀಮೆ ಹಿಂದೆಂದೂ ಕಾಣದ ಕ್ಷಾಮಕ್ಕೆ ತುತ್ತಾಯಿತು. 1876ರಲ್ಲಿ ಮಳೆ ಕೈಕೊಟ್ಟಿತು. 1877ರಲ್ಲಿ ಪರಿಸ್ಥಿತಿ ಇನ್ನಷ್ಟು ಬಿಗಡಾಯಿಸಿತು. ತುಮಕೂರು, ಕೋಲಾರ, ಚಿತ್ರದುರ್ಗಗಳಂತಹ ಒಣಭೂಮಿಯ ಜಿಲ್ಲೆಗಳು ಎಲ್ಲಕ್ಕಿಂತ ಹೆಚ್ಚಾಗಿ ನರಳಿದವು. ಈ ಸೀಮೆಯ ರೈತರು ದುಡ್ಡನ್ನು ಕೂಡಿಡುತ್ತಿದ್ದುದು ಕಡಿಮೆ. ಅವರ ಉಳಿತಾಯವೆಲ್ಲ ಹಗೇವಿನಲ್ಲಿರುತ್ತಿತ್ತು. ನೆಲದಲ್ಲಿ ತೋಡಿದ ಆ ಕಣಜದಲ್ಲಿ ರಾಗಿ ಎಷ್ಟೋ ವರ್ಷ ಕೆಡದೆ ಉಳಿಯುತ್ತಿತ್ತು. ಒಂದು ವರ್ಷದ ಬರವನ್ನು ಹಗೇವು ತಾಳಿಕೊಳ್ಳಬಲ್ಲುದಾಗಿತ್ತು. ಬರದ ಮೇಲೆ ಬರ ಬಂದಾಗ ಹಗೇವುಗಳು ಬರಿದಾದವು. ಜನ ಸಂತೆಯ ಕಡೆಗೆ ನೋಡಬೇಕಾಯಿತು.

ಆ ಕಾಲದ ಸಂತೆಯಲ್ಲಿ ಸೇರಿಗೆ ಎಷ್ಟು ದುಡ್ಡು ಎಂದು ಕೇಳುವುದಕ್ಕಿಂತ ರೂಪಾಯಿಗೆ ಎಷ್ಟು ಸೇರು ಎಂದು ಕೇಳುವುದೇ ವಾಡಿಕೆ. ಬೆಲೆಯೇರಿಕೆಯ ಮರ್ಮ ಈ ವಾಡಿಕೆಯಲ್ಲಿಯೇ ಅಡಗಿದೆ. ರೂಪಾಯಿ ಅದೇ ರೂಪಾಯಿ. ಅದರ ತೂಕವಾಗಲಿ ಮುದ್ರೆಯಾಗಲಿ ಬದಲಾಗಲಿಲ್ಲ. ಆದರೆ ಅದು ಕೊಳ್ಳಬಲ್ಲ ರಾಗಿಯ ಸೇರುಗಳು ವಾರದಿಂದ ವಾರಕ್ಕೆ ಇಳಿಯುತ್ತ ಹೋದವು. ಧಾನ್ಯ ಕಡಿಮೆಯಾಗಿ ಕೊಳ್ಳುವವರು ಹೆಚ್ಚಾದುದೇ ಇದಕ್ಕೆ ಕಾರಣ. ಹಣದ ಬೆಲೆಯೆಂದರೆ ಅದು ತಂದುಕೊಡುವ ವಸ್ತುವಿನ ಬೆಲೆಯೇ ಹೊರತು ಬೇರೇನೂ ಅಲ್ಲ ಎಂಬುದನ್ನು ಜನ ಹಸಿವಿನ ಮೂಲಕ ಕಲಿಯಬೇಕಾಯಿತು.

ಇನ್ನೊಂದು ಕಷ್ಟವೂ ಇದರ ಬೆನ್ನಿಗೇ ಬಂದಿತು. ಆಪತ್ಕಾಲಕ್ಕೆಂದು ಇಟ್ಟುಕೊಂಡಿದ್ದ ಬೆಳ್ಳಿಯ ಕಡಗ, ಕಾಲುಬಳೆ, ತಾಮ್ರ ಹಿತ್ತಾಳೆಯ ಪಾತ್ರೆ, ಉಳುವ ಎತ್ತು, ಎಲ್ಲವನ್ನೂ ಜನ ಮಾರಾಟಕ್ಕೆ ತಂದರು. ಊರಿಗೆ ಊರೇ ಮಾರಲು ನಿಂತಾಗ ಕೊಳ್ಳುವವರಾದರೂ ಯಾರು? ಅನ್ನದ ಬೆಲೆ ಏರಿದಂತೆಲ್ಲ ಒಡವೆಯ ಮತ್ತು ಎತ್ತಿನ ಬೆಲೆ ಇಳಿಯಿತು. ಕೆಲಸವೂ ಇಲ್ಲವಾಯಿತು. ಬೆಳೆಯಿಲ್ಲದ ರೈತ ಕೂಲಿಯವನನ್ನು ಕರೆಯಲಿಲ್ಲ, ನೇಕಾರನಿಂದ ಬಟ್ಟೆ ಕೊಳ್ಳಲಿಲ್ಲ. ಕೂಲಿಯವನೂ ನೇಕಾರನೂ ಅಂಗಡಿಯವನಿಗೆ ಗಿರಾಕಿಗಳಾಗಿ ಉಳಿಯಲಿಲ್ಲ. ಒಬ್ಬನ ಆದಾಯ ನಿಂತರೆ ಹತ್ತು ಜನರ ಆದಾಯ ನಿಲ್ಲುತ್ತದೆ. ಆರ್ಥಿಕ ಕುಸಿತವೆಂದರೆ ಇದೇ.

ಹೊರಗಿನಿಂದ ಧಾನ್ಯ ಬರಲಿಲ್ಲವೆಂದಲ್ಲ. ಮದರಾಸಿನಿಂದ ಬೆಂಗಳೂರಿಗೆ ರೈಲುಮಾರ್ಗವಿತ್ತು. ಧಾನ್ಯದ ಮೂಟೆಗಳು ಬೆಂಗಳೂರಿನವರೆಗೆ ಬಂದವು. ಅಲ್ಲಿಂದ ಒಳನಾಡಿಗೆ ಸಾಗಿಸುವುದು ಎತ್ತಿನ ಗಾಡಿಯಿಂದಲೇ ಆಗಬೇಕಾಗಿತ್ತು. ಮೇವು ನೀರಿಲ್ಲದೆ ಎತ್ತುಗಳು ಸತ್ತಿದ್ದವು. ಧಾನ್ಯ ಒಂದು ಕಡೆ, ಹಸಿದವರು ಇನ್ನೊಂದು ಕಡೆ ಎಂಬಂತಾಯಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರ ವೇಳೆಗೆ ನಲವತ್ತೆರಡು ಲಕ್ಷಕ್ಕಿಂತ ಕೆಳಗಿಳಿಯಿತು. ರಾಜ್ಯದ ಬೊಕ್ಕಸ ಬರಿದಾದುದಲ್ಲದೆ ಭಾರತ ಸರ್ಕಾರಕ್ಕೆ ತೀರಿಸಬೇಕಾದ 80 ಲಕ್ಷ ರೂಪಾಯಿಗಳ ಸಾಲವೂ ತಲೆಯ ಮೇಲೆ ಬಂದಿತು.

1881ರ ಮಾರ್ಚ್ 25ರಂದು ಚಾಮರಾಜ ಒಡೆಯರಿಗೆ ರಾಜ್ಯಭಾರವನ್ನು ಹಿಂದಿರುಗಿಸಿದಾಗ ಈ ಸಾಲವೂ ಅವರ ಪಾಲಿಗೆ ಬಂದಿತು. ದಿವಾನರಾದ ರಂಗಾಚಾರ್ಲು ಅದೇ ವರ್ಷ ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದರು. ಅವರು 1883ರ ಜನವರಿಯಲ್ಲಿ ತೀರಿಕೊಂಡರು. ಮಹಾರಾಜರು ಆ ಸ್ಥಾನಕ್ಕೆ ಶೇಷಾದ್ರಿ ಅಯ್ಯರ್ ಅವರನ್ನು ನೇಮಿಸಿದರು. ಆಗ ಅವರ ವಯಸ್ಸು ಇನ್ನೂ ಮೂವತ್ತೆಂಟು ತುಂಬಿರಲಿಲ್ಲ.

ಸಾಲದಲ್ಲಿರುವ ಮನೆಯ ಯಜಮಾನನಿಗೆ ಎರಡು ದಾರಿಗಳು ಕಾಣುತ್ತವೆ. ಎಲ್ಲ ಖರ್ಚನ್ನೂ ನಿಲ್ಲಿಸಿ ಕೈಕಟ್ಟಿ ಕುಳಿತುಕೊಳ್ಳುವುದು ಒಂದು. ಮುಂದೆ ಆದಾಯ ತರುವ ಕೆಲಸಕ್ಕೆ ಮಾತ್ರ ಎಚ್ಚರಿಕೆಯಿಂದ ಹಣ ತೊಡಗಿಸುವುದು ಇನ್ನೊಂದು. ಹೊಸ ದಿವಾನರು ಎರಡನೆಯ ದಾರಿಯನ್ನು ಹಿಡಿದರು. ಬೆಂಗಳೂರಿನಿಂದ ಹೊರಟ ರೈಲು 1884ರಲ್ಲಿ ತುಮಕೂರನ್ನು ಮುಟ್ಟಿತು. ಮುಂದೆ ಗುಬ್ಬಿ, ತಿಪಟೂರುಗಳ ಮಾರ್ಗವಾಗಿ ಸಾಗಿ 1889ರಲ್ಲಿ ಹರಿಹರವನ್ನು ಸೇರಿತು. ಅಡಕೆ ಮತ್ತು ತೆಂಗಿನ ವ್ಯಾಪಾರಕ್ಕೆ ಹೆಸರಾದ ಗುಬ್ಬಿಯಂತಹ ಊರಿಗೆ ರೈಲು ಬಂದುದರಿಂದ ಬೆಳೆದ ಮಾಲು ದೂರದ ಪೇಟೆಯನ್ನು ತಲುಪುವಂತಾಯಿತು. ಬರಗಾಲದಲ್ಲಿ ಧಾನ್ಯವನ್ನು ಒಳನಾಡಿಗೆ ತರುವ ದಾರಿಯೂ ತೆರೆಯಿತು. ಅಣೆಕಟ್ಟುಗಳನ್ನೂ ಕೆರೆಗಳನ್ನೂ ಇದೇ ದೃಷ್ಟಿಯಿಂದ ನೋಡಲಾಯಿತು. ಕುಣಿಗಲ್ಲಿನ ದೊಡ್ಡ ಕೆರೆಯಂತಹ ಕೆರೆ ನಾಡಿನ ಹಿರಿಯರು ಮುಂದಿನವರಿಗಾಗಿ ಕೂಡಿಟ್ಟ ಗಂಟಲ್ಲದೆ ಮತ್ತೇನು? ತುಮಕೂರು ಜಿಲ್ಲೆಯಲ್ಲಿ ಸುವರ್ಣಮುಖಿ ನದಿಗೆ ಕಟ್ಟಿದ ಬೋರನಕಣಿವೆಯ ಜಲಾಶಯವು 1892ರಲ್ಲಿ ಮುಗಿಯಿತು. ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಕಟ್ಟೆಯನ್ನು ಕಟ್ಟುವ ಕೆಲಸ 1898ರಲ್ಲಿ ಆರಂಭವಾಯಿತು.

ಈ ನಡುವೆ ಹಣದ ಲೋಕದಲ್ಲಿ ಮತ್ತೊಂದು ಬದಲಾವಣೆ ನಡೆದಿತ್ತು. ಭಾರತದ ರೂಪಾಯಿ ಬೆಳ್ಳಿಯದು. ಇಂಗ್ಲೆಂಡಿನ ಪೌಂಡು ಚಿನ್ನವನ್ನು ಆಧರಿಸಿದುದು. ಅಮೆರಿಕದ ಗಣಿಗಳಿಂದ ಬೆಳ್ಳಿ ಹೇರಳವಾಗಿ ಬಂದಿತು. ಜರ್ಮನಿ ಮೊದಲಾದ ದೇಶಗಳು ಬೆಳ್ಳಿಯ ನಾಣ್ಯವನ್ನು ಕೈಬಿಟ್ಟವು. ಬೆಳ್ಳಿಯ ಬೆಲೆ ಕುಸಿಯಿತು. 1870ರ ಸುಮಾರಿಗೆ ಒಂದು ಪೌಂಡಿಗೆ ಹತ್ತು ರೂಪಾಯಿ ಸಾಕಾಗಿತ್ತು. 1894–95ರ ವೇಳೆಗೆ ಹದಿನೆಂಟಕ್ಕಿಂತ ಹೆಚ್ಚು ಬೇಕಾಯಿತು. ಇಂಗ್ಲೆಂಡಿಗೆ ಪೌಂಡಿನಲ್ಲಿ ಹಣ ತೆರಬೇಕಾದವರ ಹೊರೆ ಹೆಚ್ಚಿತು. 1893ರಲ್ಲಿ ಸರ್ಕಾರ ಜನರು ತಂದ ಬೆಳ್ಳಿಯನ್ನು ಟಂಕಸಾಲೆಯಲ್ಲಿ ರೂಪಾಯಿಯಾಗಿ ಮಾಡಿಕೊಡುವುದನ್ನು ನಿಲ್ಲಿಸಿತು. ಸರ್ವಸ್ವವನ್ನೂ ಬೆಳ್ಳಿಯ ಒಡವೆಯಲ್ಲಿಯೇ ಇಟ್ಟಿದ್ದ ಸಂಸಾರಗಳಿಗೆ ಇದು ಪೆಟ್ಟಾಯಿತು. ಇದೇ ಕಾಲದಲ್ಲಿ ಕೋಲಾರದ ಗಣಿಗಳಲ್ಲಿ ಚಿನ್ನದ ಉತ್ಪತ್ತಿ ಬೆಳೆಯುತ್ತಿತ್ತು. ತೆಗೆದ ಚಿನ್ನದ ಮೇಲೆ ರಾಜ್ಯಕ್ಕೆ ರಾಜಧನ ಸಲ್ಲುತ್ತಿತ್ತು. ಭೂಕಂದಾಯ ಮಳೆಯನ್ನು ನಂಬಿದ ಆದಾಯ; ಗಣಿಯ ರಾಜಧನಕ್ಕೂ ರೈಲಿನ ವರಮಾನಕ್ಕೂ ಮಳೆಯ ಹಂಗು ಅಷ್ಟಾಗಿ ಇರಲಿಲ್ಲ. ಒಂದು ಬತ್ತಿದರೆ ಇನ್ನೊಂದು ಹರಿಯುವಂತೆ ಆದಾಯದ ಮೂಲಗಳು ಹಲವಾದವು.

ರಾಜ್ಯದ ಬೊಕ್ಕಸ ಹೀಗೆ ಸುಧಾರಿಸುತ್ತಿದ್ದಾಗಲೇ ರಾಜ್ಯದ ಸೇವಕರ ಮನೆಗಳ ಕಡೆಗೂ ಸರ್ಕಾರದ ಗಮನ ಹರಿಯಿತು. ಕುಣಿಗಲ್ಲಿನದೋ ಗುಬ್ಬಿಯದೋ ಕಚೇರಿಯ ಗುಮಾಸ್ತನೊಬ್ಬನನ್ನು ಊಹಿಸಿಕೊಳ್ಳಬಹುದು. ತಿಂಗಳ ಸಂಬಳ ತಿಂಗಳಿಗೇ ಮುಗಿಯುತ್ತಿತ್ತು. ನಿವೃತ್ತಿಯವರೆಗೆ ಬದುಕಿದರೆ ಅವನಿಗೆ ಪಿಂಚಣಿ ಉಂಟು. ಆದರೆ ಪಿಂಚಣಿಯು ಅವನ ಉಸಿರಿನೊಡನೆ ನಿಲ್ಲುತ್ತಿತ್ತು. ಅವನು ನಡುವಯಸ್ಸಿನಲ್ಲಿ ಕಾಲವಾದರೆ ಹೆಂಡತಿ ಮಕ್ಕಳು ನೆಂಟರ ಬಾಗಿಲಿಗೋ ಸಾಹುಕಾರನ ಬಾಗಿಲಿಗೋ ಹೋಗಬೇಕಾಗಿತ್ತು. ಇದನ್ನು ತಪ್ಪಿಸಲು 1891ರಲ್ಲಿ ಮೈಸೂರು ಸರ್ಕಾರವು ತನ್ನ ನೌಕರರಿಗಾಗಿ ಜೀವವಿಮೆಯ ಯೋಜನೆಯನ್ನು ಜಾರಿಗೆ ತಂದಿತು. ಸಂಬಳದಲ್ಲಿ ಒಂದು ಪಾಲು ತಿಂಗಳು ತಿಂಗಳೂ ಕಂತಾಗಿ ಸರ್ಕಾರದ ವಿಮಾ ನಿಧಿಗೆ ಸೇರುತ್ತಿತ್ತು. ನೌಕರನು ಗೊತ್ತಾದ ವಯಸ್ಸನ್ನು ಮುಟ್ಟಿದರೆ ಇಡುಗಂಟು ಅವನ ಕೈಸೇರುತ್ತಿತ್ತು. ಮೊದಲೇ ತೀರಿಕೊಂಡರೆ ಅದು ಅವನ ಸಂಸಾರಕ್ಕೆ ಸಲ್ಲುತ್ತಿತ್ತು.

ಈ ಯೋಜನೆಯ ಹೆಚ್ಚಳವಿರುವುದು ಎರಡು ಅಂಶಗಳಲ್ಲಿ. ಮೊದಲನೆಯದು, ಹಣ ಕೈಗೆ ಬಂದು ಖರ್ಚಾದ ಮೇಲೆ ಉಳಿಸುವುದಲ್ಲ. ಕೈಗೆ ಬರುವ ಮೊದಲೇ ಉಳಿಯುತ್ತದೆ. ಎರಡನೆಯದು, ಒಬ್ಬನ ಗಂಟು ಅವನೊಬ್ಬನದಾಗಿ ಉಳಿಯದೆ ಸಾವಿರಾರು ಜನರ ಗಂಟಿನೊಡನೆ ಬೆರೆಯುತ್ತದೆ. ಯಾರ ಮನೆಗೆ ವಿಪತ್ತು ಬರುವುದೆಂದು ಯಾರೂ ಹೇಳಲಾರರು. ಎಲ್ಲರೂ ಸ್ವಲ್ಪ ಸ್ವಲ್ಪ ಕೊಟ್ಟರೆ ವಿಪತ್ತು ಬಂದ ಮನೆ ಉಳಿಯುತ್ತದೆ. ಆದರೂ ವಿಮೆಗೆ ಒಂದು ಮಿತಿಯುಂಟು. ಅದರ ಮೊತ್ತ ರೂಪಾಯಿಗಳಲ್ಲಿ ನಿಶ್ಚಿತವಾದುದು. ಬೆಲೆಗಳು ಏರಿದಾಗ ಆ ರೂಪಾಯಿಗಳು ತರುವ ರಾಗಿ ಕಡಿಮೆಯಾಗುತ್ತದೆ. ಎರಡು ಮಹಾಯುದ್ಧಗಳ ಕಾಲದಲ್ಲಿ ಬೆಲೆಗಳು ಏರಿದಾಗ ನಿಶ್ಚಿತ ವರಮಾನವನ್ನು ನಂಬಿದವರೆಲ್ಲರೂ ಇದನ್ನು ಅನುಭವಿಸಿದರು. ಇಂದು ನಿವೃತ್ತ ಸರ್ಕಾರಿ ನೌಕರರ ಪಿಂಚಣಿಗೆ ತುಟ್ಟಿಭತ್ಯೆಯನ್ನು ಸೇರಿಸುವುದು ಈ ಕಾರಣದಿಂದಲೇ. ಉಳಿಸುವುದಷ್ಟೇ ಸಾಲದು, ಉಳಿಸಿದುದರ ಕೊಳ್ಳುವ ಶಕ್ತಿಯನ್ನೂ ಕಾಪಾಡಿಕೊಳ್ಳಬೇಕು.

ಶೇಷಾದ್ರಿ ಅಯ್ಯರ್ ಅವರ ಎಲ್ಲ ಪ್ರಯತ್ನಗಳೂ ಫಲಿಸಿದವೆನ್ನಲಾಗದು. ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಲೆಂದು 1894ರಲ್ಲಿ ಅವರು ಕೃಷಿ ಬ್ಯಾಂಕುಗಳನ್ನು ಆರಂಭಿಸಿದರು. ಸರ್ಕಾರದ ಹಣದಿಂದ ಸಾಲ ಪಡೆದ ಬ್ಯಾಂಕುಗಳು ಅದನ್ನು ಸರಿಯಾಗಿ ಹಿಂದಿರುಗಿಸಲಿಲ್ಲ, ಯೋಜನೆ ಬಿದ್ದುಹೋಯಿತು. ಸದಸ್ಯರು ತಮ್ಮ ಸ್ವಂತ ಉಳಿತಾಯವನ್ನು ತೊಡಗಿಸದ ಬ್ಯಾಂಕು ನಿಲ್ಲಲಾರದೆಂಬುದು ಅದರಿಂದ ತಿಳಿದ ಪಾಠ. 1905ರಲ್ಲಿ ಮೈಸೂರಿನಲ್ಲಿ ಸಹಕಾರ ಸಂಘಗಳ ಕಾಯಿದೆ ಜಾರಿಗೆ ಬಂದಾಗ ಸ್ವಸಹಾಯದ ಆ ತತ್ತ್ವಕ್ಕೆ ದಾರಿಯಾಯಿತು. ಹೊರಗಿನ ಪ್ರಾಂತದವರಿಗೆ ಹುದ್ದೆಗಳಲ್ಲಿ ಹೆಚ್ಚು ಮನ್ನಣೆ ದೊರೆಯುತ್ತಿದೆಯೆಂಬ ಅಸಮಾಧಾನವೂ ಅವರ ಕಾಲದಲ್ಲಿ ಕೇಳಿಬಂದಿತು. ಆದರೆ ರಾಜ್ಯದ ಆದಾಯ ವೆಚ್ಚಗಳ ವಿವರವನ್ನು ಪ್ರತಿವರ್ಷವೂ ಪ್ರಜಾಪ್ರತಿನಿಧಿ ಸಭೆಯ ಮುಂದೆ ಇಡುವ ಪದ್ಧತಿಯನ್ನು ಅವರು ಬಿಡಲಿಲ್ಲ. ಜಿಲ್ಲೆಗಳಿಂದ ಬಂದ ಪ್ರತಿನಿಧಿಗಳ ಎದುರಿಗೆ ಲೆಕ್ಕವನ್ನು ತೆರೆದಿಡುವುದು ಆ ದಿನಗಳಲ್ಲಿ ಸಣ್ಣ ಸಂಗತಿಯಲ್ಲ.

1894ರ ಡಿಸೆಂಬರಿನಲ್ಲಿ ಚಾಮರಾಜ ಒಡೆಯರು ಅಕಾಲ ಮರಣವನ್ನು ಹೊಂದಿದರು. ಆಗಲೂ ಶೇಷಾದ್ರಿ ಅಯ್ಯರ್ ಮಹಾರಾಣಿಯವರ ಆಡಳಿತದಲ್ಲಿ ಮುಂದುವರಿದು ರಾಜ್ಯವನ್ನು ಸುಸ್ಥಿತಿಯಲ್ಲಿ ನಡೆಸಿದರು. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನ ಕಷ್ಟವನ್ನೂ ಎದುರಿಸಿದರು. ನಿರಂತರ ದುಡಿಮೆಯಿಂದ ದೇಹ ಜರ್ಜರಿತವಾಯಿತು. 1901ರ ಮಾರ್ಚಿನಲ್ಲಿ ಅವರು ನಿವೃತ್ತರಾದರು. ಅದೇ ವರ್ಷದ ಸೆಪ್ಟೆಂಬರ್ 13ರಂದು ನಿಧನ ಹೊಂದಿದರು. ಇತರರ ವಿಶ್ರಾಂತಿ ಜೀವನಕ್ಕೆ ಆಸರೆ ಕಲ್ಪಿಸಿದ ದಿವಾನರಿಗೆ ದೊರೆತ ವಿಶ್ರಾಂತಿ ಆರು ತಿಂಗಳು ಮಾತ್ರ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಗಣಿಗಳನ್ನು ತಲುಪಿದುದನ್ನಾಗಲಿ, ಮಾರಿಕಣಿವೆಯ ಕಟ್ಟೆ 1907ರಲ್ಲಿ ಪೂರ್ಣಗೊಂಡುದನ್ನಾಗಲಿ ನೋಡಲು ಅವರು ಉಳಿದಿರಲಿಲ್ಲ.

1891ರಲ್ಲಿ ಆರಂಭವಾದ ಆ ವಿಮೆಯು ಇಂದು ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯಾಗಿ ಮುಂದುವರಿದಿದೆ. ಸಂಸ್ಥಾನ ಹೋಯಿತು, ಬೆಳ್ಳಿಯ ರೂಪಾಯಿ ಹೋಯಿತು. ತಿಂಗಳ ಕಂತು ಮಾತ್ರ ನಿಲ್ಲಲಿಲ್ಲ. ತುಮಕೂರಿನಲ್ಲಿಯೋ ಗುಬ್ಬಿಯಲ್ಲಿಯೋ ಸರ್ಕಾರಿ ಸೇವೆಗೆ ಹೊಸದಾಗಿ ಸೇರುವ ತರುಣ ತರುಣಿಯರ ಸಂಬಳದಿಂದಲೂ ಅದು ಸಲ್ಲುತ್ತದೆ. ಹಗೇವನ್ನು ತುಂಬಬೇಕಾದುದು ಸುಗ್ಗಿಯಲ್ಲಿ. ಬರಗಾಲದಲ್ಲಿ ತೋಡಿದ ಹಗೇವು ಬರಿಯ ಗುಂಡಿಯಾಗಿಯೇ ಉಳಿಯುತ್ತದೆ. ರೈತನಿಗೆ ಗೊತ್ತಿದ್ದ ಈ ಸತ್ಯವನ್ನು ರಾಜ್ಯದ ನೀತಿಯನ್ನಾಗಿ ಮಾಡಿದುದು ಶೇಷಾದ್ರಿ ಅಯ್ಯರ್ ಅವರ ಹಿರಿಮೆ.